ಪಾವಗಡದ ಎರಡು ಪಾಯಿಂಟು

೧. ಬಲೆ

ರಿಂಗಿಗೆ ಒಂದು ಬಲೆ ಬೇಕಾಗಿತ್ತು. ಕೆರೆಯಲ್ಲಿ ಮೀನು ಹಿಡಿಯುವ ಮುದುಕನಿಗೆ ಹೆಣೆದು ಕೊಡಲು ಹೇಳಿದೆ.

ಆಗ ನಾನು ಮಧುಗಿರಿಯ ಹೈಸ್ಕೂಲೊಂದರಲ್ಲಿ ಡ್ರಿಲ್ ಮೇಷ್ಟ್ರು. ಐವತ್ತರ ದಶಕದ ಆರಂಭ. ಹುಡುಗರಿಗೆ ಬ್ಯಾಸ್ಕೆಟ್ ಬಾಲ್ ಕಲಿಸತಕ್ಕದ್ದು ಎಂದು ಮೇಲಿನಿಂದ ಆರ್ಡರು ಬಂತು. ಆರ್ಡರಿನ ಜತೆ ಒಂದು ಚೆಂಡು ಬಂತು. ಬೇರೇನೂ ಬರಲಿಲ್ಲ. ಬಡಗಿ ಎರಡು ಕಂಬ ಮಾಡಿಕೊಟ್ಟ. ಕಮ್ಮಾರ ಎರಡು ರಿಂಗು ಬಡಿದುಕೊಟ್ಟ. ಬಲೆ ಮಾತ್ರ ಉಳಿಯಿತು.

ಮುದುಕ ರಿಂಗಿನ ಅಳತೆ ತೆಗೆದುಕೊಂಡು ಹೋದ. ನಾಲ್ಕು ದಿನಕ್ಕೆ ಮೊದಲು ಒಂದು ಬಲೆ ತಂದ. ಗಟ್ಟಿ ನೂಲು, ಒಳ್ಳೆಯ ಗಂಟು. ಕಟ್ಟಿಸಿದೆ. ಹೆಡ್ಮಾಸ್ಟರು ಪೇಟ ತೆಗೆದಿಟ್ಟು ಮೊದಲ ಚೆಂಡು ಎಸೆದರು. ಆರನೆಯ ಸಲಕ್ಕೆ ಒಳಗೆ ಬಿತ್ತು. ಇಡೀ ಶಾಲೆ ಚಪ್ಪಾಳೆ ತಟ್ಟಿತು. ಚೆಂಡು ಕೆಳಗೆ ಬರಲಿಲ್ಲ.

ಮುದುಕ ಬಲೆಯ ತಳ ಮುಚ್ಚಿ ಹೆಣೆದಿದ್ದ.

ಏಣಿ ತರಿಸಿ ಚೆಂಡು ತೆಗೆಸಿದೆ. ಒಂದು ವಾರ ಹಾಗೇ ಆಡಿಸಿದೆ. ಚೆಂಡು ಬಿದ್ದಾಗಲೆಲ್ಲ ಏಣಿ. ಆಮೇಲೆ ಮುದುಕನನ್ನು ಕರೆಸಿದೆ.

"ತಳ ಯಾಕೆ ಮುಚ್ಚಿದೆ?"

"ಹಿಡಿದದ್ದನ್ನ ಬುಟ್ಬುಡಾದಾದ್ರೆ ಬಲೆ ಯಾಕ್ ಸಾಮಿ?"

ಕತ್ತರಿ ತಂದು ತಳ ಕತ್ತರಿಸಿದೆ. "ಬ್ಯಾಡಿ ಸಾಮಿ, ಗಂಟು ಬಿಚ್ಕಂತದೆ" ಎಂದ. ಕೇಳಲಿಲ್ಲ. ಶನಿವಾರದ ಹೊತ್ತಿಗೆ ಬಲೆಯೆಲ್ಲ ಬಿಚ್ಚಿಕೊಂಡು ನೂಲಾಗಿ ನೇತಾಡುತ್ತಿತ್ತು. ಇನ್ನೊಮ್ಮೆ ಆ ಮುದುಕನ ಮುಂದೆ ಹೋಗಿ ನಿಲ್ಲಲು ನಾಚಿಕೆ. ಎರಡು ರಿಂಗೂ ಬರಿದಾಗಿಯೇ ಉಳಿದವು.

೨. ಗೆದ್ದಲು

ಸುತ್ತಿನ ನಾಲ್ಕು ತಾಲ್ಲೂಕಿನ ಶಾಲೆಗಳಿಗೆ ಪಂದ್ಯ ಶುರುವಾಯಿತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಾಲ್ಕೂ ಕಡೆ ಕಲಿಸುವವರು ನಮ್ಮಂಥ ಡ್ರಿಲ್ ಮೇಷ್ಟ್ರುಗಳೇ. ಆಟವನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಶಿರಾದ ಸಾಬರು ಒಬ್ಬರೇ. ಆದ್ದರಿಂದ ಸೀಟಿ ಅವರಿಗೆ. ಅವರ ತಂಡ ಬೇಗ ಸೋಲುತ್ತಿತ್ತು. ಆಮೇಲೆ ಎಲ್ಲ ಪಂದ್ಯಕ್ಕೂ ಅವರೇ ಅಂಪೈರು.

ಕೊರಟಗೆರೆಯ ಮೇಷ್ಟ್ರು ಬಹಳ ಸಾಧು. ಇರುವೆ ಕಂಡರೆ ದಾಟಿ ಹೋಗುವವರು. ಅವರ ತಂಡ ಮಾತ್ರ ಹಾಗಿರಲಿಲ್ಲ. ಮೊದಲ ಪಂದ್ಯದಲ್ಲಿ ಸೀಟಿ ಊದಿದ ಕೂಡಲೇ ಅವರ ಐದೂ ಹುಡುಗರು ನಮ್ಮ ಐದೂ ಹುಡುಗರ ಸೊಂಟ ತಬ್ಬಿ ಹಿಡಿದರು. ಚೆಂಡು ಒಂದು ಕಡೆ ಒಂಟಿಯಾಗಿ ಉರುಳುತ್ತಿತ್ತು.

ಸಾಬರು ಸೀಟಿ ಊದಿದರು. "ಫೌಲ್!"

ಕೊರಟಗೆರೆಯ ಮೇಷ್ಟ್ರು ಕಂಕುಳಲ್ಲಿ ಒಂದು ಪುಸ್ತಕ ಹಿಡಿದು ನಿಧಾನವಾಗಿ ಒಳಗೆ ಬಂದರು. ಕನ್ನಡದಲ್ಲಿ ಅಚ್ಚಾದ ಆಟದ ನಿಯಮಗಳು.

"ಯಾವ ಪುಟದಲ್ಲಿ ಐತೆ, ತೋರಿಸಿ ಸಾಬ್ರೇ. ನಮ್ ಪುಸ್ತಕದಲ್ಲಿ ಅದಿಲ್ಲ."

ಸಾಬರು ಪುಸ್ತಕ ತೆರೆದರು. ಶಾಲೆಯ ಬೀರುವಿನಲ್ಲಿದ್ದ ಪುಸ್ತಕ. ಹಿಂದಿನ ಅರ್ಧ ಗೆದ್ದಲು ತಿಂದಿತ್ತು. ಉಳಿದ ಕೊನೆಯ ಪುಟದ ಕೊನೆಯ ಸಾಲು ಹೀಗಿತ್ತು: "ಆಟಗಾರನು ಎದುರಾಳಿಯ ಸೊಂಟವನ್ನು". ಅಲ್ಲಿಂದಾಚೆಗೆ ತೂತು.

"ಮುಂದೆ ಏನಿತ್ತು ಅಂತ ತಿಳ್ಕಂಡ್ರಿ ಮೇಷ್ಟ್ರೇ?"

"ಹಿಡಿಯತಕ್ಕದ್ದು ಅಂತ. ಇನ್ನೇನಿರ್ತದೆ?"

೩. ಕಂಬ

ಐವತ್ತರ ದಶಕದ ನಡುವಿನ ಒಂದು ಬೇಸಿಗೆ. ಫೈನಲ್ ಪಂದ್ಯ ನಮ್ಮ ಮೈದಾನದಲ್ಲಿ. ನಾವು ಮತ್ತು ಪಾವಗಡ. ಗೆದ್ದವರಿಗೆ ಬೆಳ್ಳಿ ತಗಡು ಹೊಡೆದ ಒಂದು ಶೀಲ್ಡು.

ನಮ್ಮ ಎರಡು ಕಂಬಗಳಲ್ಲಿ ಒಂದು ಅಲ್ಲಾಡುತ್ತಿತ್ತು. ಚೆಂಡು ತಗುಲಿದರೆ ಹಲಗೆ ಸಮೇತ ತೂಗುತ್ತಿತ್ತು. ಯಾರಾದರೂ ತಬ್ಬಿಕೊಂಡು ನಿಲ್ಲಬೇಕು. ಹುಡುಗರನ್ನು ನಿಲ್ಲಿಸಿದರೆ ಆಟ ನೋಡುತ್ತ ಕೈ ಬಿಡುತ್ತಿದ್ದರು. ಅದಕ್ಕೆ ನಾನೇ ನಿಲ್ಲುತ್ತಿದ್ದೆ. ಅಂದೂ ನಿಂತೆ. ಕತ್ತೆತ್ತಿದರೆ ರಿಂಗು ನೇರ ತಲೆಯ ಮೇಲೆ. ರಿಂಗಿನೊಳಗೆ ಗುಂಡಗೆ ಆಕಾಶ.

ಕೊನೆಯ ನಿಮಿಷ. ನಾವು ಹತ್ತೊಂಬತ್ತು, ಪಾವಗಡ ಹದಿನೆಂಟು. ಪಾವಗಡದ ಎತ್ತರದ ಹುಡುಗ ಚೆಂಡು ಎಸೆದ. ಒಳಗೆ ಬಿದ್ದರೆ ಎರಡು ಪಾಯಿಂಟು. ಅದೇ ಹೊತ್ತಿಗೆ ಒಂದು ಸುಳಿಗಾಳಿ ಎದ್ದು ಮೈದಾನದ ಧೂಳನ್ನೆಲ್ಲ ಎತ್ತಿತು. ಎಲ್ಲರೂ ಕಣ್ಣು ಮುಚ್ಚಿದರು. ಸಾಬರೂ ಮುಚ್ಚಿದರು. ತೆರೆದಾಗ ಚೆಂಡು ಗೆರೆಯಾಚೆ ಉರುಳುತ್ತಿತ್ತು. ಹೊತ್ತು ಮುಗಿದಿತ್ತು.

ಪಾವಗಡದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಓಡಿ ಬಂದರು. ಅವರ ಕನ್ನಡದ ತುಂಬ ತೆಲುಗು. ಸಿಟ್ಟು ಬಂದರೆ ತೆಲುಗೇ.

"ಪಡಿಂದಿ ಸಾಬ್! ಬಿತ್ತು! ಒಳಗೇ ಬಿತ್ತು!"

"ನಾನು ನೋಡಿಲ್ಲ ಭಾಯ್. ಕಣ್ಣಾಗೆ ಧೂಳು."

"ಬಲೆ ಇದ್ದಿದ್ರೆ ಬಲೆ ಅಲ್ಲಾಡೋದು!"

"ಬಲೆ ಇಲ್ಲವಲ್ಲ."

ಇಬ್ಬರೂ ನನ್ನ ಕಡೆ ನೋಡಿದರು. ನಾನು ಕಂಬದ ಕಡೆ ನೋಡಿದೆ.

"ಕಂಡಿದ್ದು ಕೊಡ್ತೀನಿ, ಕಾಣದ್ದು ಕೊಡಲ್ಲ. ಮೇಲೊಬ್ಬ ಕೇಳ್ತಾನೆ" ಎಂದು ಸಾಬರು ಕೊನೆಯ ಸೀಟಿ ಊದಿದರು. ಶೀಲ್ಡು ನಮಗೆ ಬಂತು.

ಪಾವಗಡದ ಮೇಷ್ಟ್ರು ಮೈದಾನದ ನಡುವೆ ನಿಂತು ಕೈ ಎತ್ತಿದರು. "ನನ್ನ ಎರಡು ಪಾಯಿಂಟು ಕೊಡೋ ತನಕ ಮಧುಗಿರೀಲಿ ಒಂದು ಅಗುಳು ತಿನ್ನಲ್ಲ. ಒಂದು ಹನಿ ನೀರು ಮುಟ್ಟಲ್ಲ."

ಈಗ ಒಂದು ವಿಷಯ ಹೇಳಬೇಕು. ಧೂಳು ಏಳುವಾಗ ನಾನು ಮೇಲೆ ನೋಡುತ್ತಿದ್ದೆ. ರಿಂಗಿನೊಳಗಿನ ಆಕಾಶ ಒಂದು ಕ್ಷಣ ಕಾಣೆಯಾಯಿತು. ಚೆಂಡು ಅದರೊಳಗಿಂದ ಇಳಿದು ನೇರ ನನ್ನ ನೆತ್ತಿಯ ಮೇಲೆ ಬಿತ್ತು. ಅಲ್ಲಿಂದ ಪುಟಿದು ಹೊರಗೆ ಹೋಯಿತು. ಮೂರು ದಿನ ನೆತ್ತಿ ನೋಯುತ್ತಿತ್ತು.

ಯಾರೂ ನನ್ನನ್ನು ಕೇಳಲಿಲ್ಲ. ನನ್ನದು ಮೊದಲಿನಿಂದ ಮಾತು ಕಡಿಮೆ.

೪. ಹೂಜಿ

ಪಾವಗಡದ ಮೇಷ್ಟ್ರು ಆಡಿದ ಮಾತಿಗೆ ನಿಲ್ಲುವ ಮನುಷ್ಯ. ಪಾವಗಡದಿಂದ ತುಮಕೂರಿಗೆ ಹೋಗುವ ಬಸ್ಸು ಮಧುಗಿರಿಯಲ್ಲಿ ಅರ್ಧ ಗಂಟೆ ನಿಲ್ಲುತ್ತಿತ್ತು. ಎಲ್ಲರೂ ಇಳಿದು ಹೋಟೆಲಿಗೆ ಹೋಗುವರು. ಅವರು ಮಾತ್ರ ಮಣ್ಣಿನ ಹೂಜಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲೇ ಕೂತಿರುವರು. ಹೂಜಿಯಲ್ಲಿ ಪಾವಗಡದ ನೀರು.

ಒಮ್ಮೆ ಬೇಸಿಗೆಯಲ್ಲಿ ಬಸ್ಸು ಇಲ್ಲೇ ಕೆಟ್ಟು ನಿಂತಿತು. ಬೆಳಗ್ಗೆಯಿಂದ ಮೂರು ಗಂಟೆಯವರೆಗೆ. ಹೂಜಿ ಬರಿದಾಯಿತು. ಸುದ್ದಿ ತಿಳಿದು ನಾನು ಒಂದು ಚೊಂಬು ಮಜ್ಜಿಗೆ ತೆಗೆದುಕೊಂಡು ಹೋಗಿ ಕಿಟಕಿಯ ಹತ್ತಿರ ಹಿಡಿದೆ.

"ಯಾವೂರ ಹಸು?" ಎಂದರು. ತುಟಿ ಒಣಗಿತ್ತು.

"ನಿಮ್ಮ ಕಡೆಯದೇ. ಹೋದ ವರ್ಷ ನಿಮ್ಮ ಸಂತೆಯಲ್ಲಿ ಕೊಂಡದ್ದು."

ಚೊಂಬಿಗೆ ಕೈ ಹಾಕಿದರು. ಬಾಯಿಯ ತನಕ ತಂದರು. ನಿಲ್ಲಿಸಿದರು.

"ಮಜ್ಜಿಗೆಗೆ ಹಾಕಿದ ನೀರು ಯಾವೂರದು?"

"ನಮ್ಮ ಬಾವಿಯದು."

ಚೊಂಬು ವಾಪಸು ಬಂತು. "ಮೊಸರಿದ್ರೆ ತಗಂಬನ್ನಿ."

ಮನೆಗೆ ಹೋಗಿ ಗಟ್ಟಿ ಮೊಸರು ತಂದುಕೊಟ್ಟೆ. ಕುಡಿದರು. ಹಸು ತಿಂದ ಹುಲ್ಲು ಯಾವೂರದು ಎಂದು ಕೇಳಲಿಲ್ಲ. ಬಾಯಾರಿಕೆ ಅಷ್ಟಿತ್ತು.

೫. ಮುದ್ದೆ

ಫೈನಲ್ ಆಗಿ ಹನ್ನೊಂದು ವರ್ಷವಾಯಿತು. ನಮ್ಮ ಕೈಯಲ್ಲಿ ಕಲಿತ ಹುಡುಗರು ಕಾಲೇಜುಗಳಿಗೆ ಹೋಗಿ ಆಡಿ, ನೌಕರಿ ಹಿಡಿದು, ಕೆಲವರು ಬೊಜ್ಜನ್ನೂ ಬೆಳೆಸಿದ್ದರು. ಅವರೆಲ್ಲ ಸೇರಿ ನಾಲ್ವರು ಹಿರಿಯ ಬ್ಯಾಸ್ಕೆಟ್ ಬಾಲ್ ತರಬೇತುದಾರರಿಗೆ ಸನ್ಮಾನ ಮತ್ತು ಭೋಜನ ಎಂದು ಕಾಗದ ಅಚ್ಚು ಹಾಕಿಸಿದರು. ಸ್ಥಳ ಮಧುಗಿರಿ, ನಮ್ಮ ಶಾಲೆಯ ಹಾಲ್.

ನನ್ನ ಹೆಂಡತಿ ಕಾಗದವನ್ನು ಓದಿಸಿಕೊಂಡಳು. "ಯಾರು ಈ ತರಬೇತುದಾರರು? ದೊಡ್ಡೋರಿರಬೇಕು. ನೀವೂ ಹೋಗಿ ಊಟ ಮಾಡ್ಕೊಂಡು ಬನ್ನಿ."

ಪಾವಗಡದವರನ್ನು ಒಪ್ಪಿಸುವ ಕೆಲಸ ನನಗೆ ಬಿತ್ತು. "ಅವರು ನಿಮ್ಮ ಮಾತು ಮೀರಲ್ಲ ಸಾರ್" ಎಂದರು ಹುಡುಗರು. ಬಸ್ಸು ಹತ್ತಿ ಹೋದೆ.

ಅವರು ನನ್ನನ್ನು ಕಂಡು ಹಿಗ್ಗಿದರು. ನನ್ನ ಮೇಲೆ ಅವರಿಗೆ ಯಾವ ಸಿಟ್ಟೂ ಇರಲಿಲ್ಲ. ಸಿಟ್ಟೆಲ್ಲ ಸಾಬರ ಮೇಲೆ. "ನೀವೇನು ಮಾಡ್ತೀರಿ ಪಾಪ, ಕಂಬ ಹಿಡ್ಕೊಂಡಿದ್ರಿ" ಎಂದರು. ಎಲೆ ಹಾಕಿಸಿದರು. ಒಂದು ಮುದ್ದೆ ಮುಗಿಸಿದರೆ ಇನ್ನೊಂದು ಬಂತು. ಬೇಡ ಎಂದರೆ, "ತಿನ್ನಿ ಸ್ವಾಮಿ, ಪಾವಗಡದಲ್ಲಿ ನಿಮಗೇನೂ ಆಣೆ ಇಲ್ಲವಲ್ಲ" ಎಂದು ಮೂರನೆಯದನ್ನೂ ಹಾಕಿಸಿದರು.

ಬಡಿಸುತ್ತಿದ್ದ ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡರು.

"ಏಮ್ ಚೇಯಾಲಿ, ಏನ್ ಮಾಡ್ಲಿ ಸ್ವಾಮಿ, ನೀವೇ ಬುದ್ಧಿ ಹೇಳಿ. ಮಗಳನ್ನ ನಿಮ್ಮೂರಿಗೇ ಕೊಟ್ಟು ಮೂರು ವರ್ಷ ಆಯ್ತು. ಮಗಳ ಮನೇಲಿ ಒಂದು ಲೋಟ ಕಾಫಿ ಕುಡಿದಿಲ್ಲ ಇವರು. ಮೊಮ್ಮಗನ ನಾಮಕರಣಕ್ಕೆ ಹೂಜಿ ಹೊತ್ಕೊಂಡು ಬಂದ್ರು. ಬೀಗರು ಏನಂದ್ಕೊಂಡಾರು? ಮಗಳು ಅಡುಗೆಮನೇಲಿ ಕೂತು ಅತ್ತಳು."

ನನ್ನ ಕೈ ಸಾರಿನಲ್ಲಿ ನಿಂತಿತು.

ಮೇಷ್ಟ್ರು ಒಂದು ಸಲ ಕೆಮ್ಮಿದರು. "ಬತ್ತೀನಿ ಅಂತ ಹೇಳಿ. ಶಾಲು ಹೊದಿಸಿದ್ರೆ ಹೊದಿಸ್ಕಂತೀನಿ. ಉಣ್ಣಲ್ಲ."

ಮೂರನೆಯ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಅವರು ನೀರು ಕೊಟ್ಟರು. ಪಾವಗಡದ ನೀರು.

೬. ಶಾಲು

ಸನ್ಮಾನಕ್ಕೆ ಹುಡುಗರು ಉಣ್ಣೆ ಶಾಲು ತಂದಿದ್ದರು. ಕಡು ಬೇಸಿಗೆ. ಮಧುಗಿರಿಯ ಬಂಡೆ ಬೆಟ್ಟ ಹೊತ್ತೇರಿದ ಮೇಲೆ ಒಲೆಯ ಹಾಗೆ ಕಾಯುತ್ತದೆ. ನಾಲ್ವರಿಗೂ ಉಣ್ಣೆ ಹೊದಿಸಿ ಸಾಲಾಗಿ ಕೂರಿಸಿದರು. ಸಾಬರು ನನ್ನ ಕಿವಿಯಲ್ಲಿ, "ಭಾಯ್, ಇದು ಸನ್ಮಾನಾನಾ, ಸಜಾನಾ?" ಎಂದರು.

ಪಾವಗಡದವರು ನನ್ನ ಆ ಪಕ್ಕ. ಸಾಬರು ಈ ಪಕ್ಕ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಡುವೆ ನಾನು.

ಮುಖ್ಯ ಅತಿಥಿ ನನ್ನ ಹಳೆಯ ಶಿಷ್ಯ. ಈಗ ದೊಡ್ಡ ಆಫೀಸರು. ಹುಡುಗನಾಗಿದ್ದಾಗ ಮೈದಾನಕ್ಕೆ ಬಾ ಎಂದರೆ ಹೊಟ್ಟೆನೋವು ಎನ್ನುತ್ತಿದ್ದ. ಅಂದು ಮುಕ್ಕಾಲು ಗಂಟೆ ಆಟದ ಮಹಿಮೆ ಹೇಳಿದ. ಕೊನೆಗೆ ನನ್ನ ಕಡೆ ತಿರುಗಿದ.

"ನಮ್ಮ ಮೇಷ್ಟ್ರದ್ದು ಮಾತು ಕಡಿಮೆ. ಆದರೆ ಅವರ ಬಾಯಲ್ಲಿ ಒಂದು ಸುಳ್ಳು ಬಂದದ್ದನ್ನು ಯಾರೂ ಕೇಳಿಲ್ಲ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಪಾವಗಡದವರು ಎಲ್ಲರಿಗಿಂತ ಜೋರಾಗಿ ತಟ್ಟಿದರು.

ನನಗೆ ಬೆವರು ಕಿತ್ತುಕೊಂಡು ಬಂತು. ಆಫೀಸರು ನೋಡಿ, "ಪಾಪ, ಶಾಲು ತೆಗೀರಪ್ಪ" ಎಂದ. ತೆಗೆದರು. ಬೆವರು ನಿಲ್ಲಲಿಲ್ಲ.

೭. ಎಲೆ

ಊಟಕ್ಕೆ ಎಬ್ಬಿಸಿದರು. ಉದ್ದಕ್ಕೆ ಚಾಪೆ ಹಾಸಿ ಎಲೆ ಹಾಕಿದ್ದರು. ಮೊದಲ ನಾಲ್ಕು ಎಲೆ ನಮ್ಮದು. ಹಿಂದೆ ಇನ್ನೂರು ಜನ ಹಳೆಯ ಹುಡುಗರು. ಸನ್ಮಾನದ ಹಿರಿಯರು ಕೈ ಹಾಕುವ ತನಕ ಮಿಕ್ಕವರು ಎಲೆ ಮುಟ್ಟುವಂತಿಲ್ಲ. ನಾಲ್ವರೂ ಕೈ ಹಾಕಬೇಕು.

ಕೋಸಂಬರಿ ಬಂತು, ಪಲ್ಯ ಬಂತು, ಚಿತ್ರಾನ್ನ ಬಂತು. ಅನ್ನ, ತೊವ್ವೆ, ತುಪ್ಪ ಬಂತು. ಸಾಬರು ಕೈ ಹಾಕಿದರು. ಕೊರಟಗೆರೆಯವರು ಹಾಕಿದರು. ನಾನು ಹಾಕಿದೆ. ಪಾವಗಡದವರು ಎಲೆಯ ಪಕ್ಕ ಹೂಜಿ ಇಟ್ಟುಕೊಂಡು ಕೈಕಟ್ಟಿ ಕೂತರು. ನಾವು ಮೂವರೂ ಕೈ ಹಿಂದಕ್ಕೆ ತೆಗೆದೆವು.

ಇನ್ನೂರು ಎಲೆಯಿಂದ ಆವಿ ಏಳುತ್ತಿತ್ತು.

ಅಡುಗೆಯವನು ಸಟ್ಟುಗ ಹಿಡಿದು ಓಡಿ ಬಂದ. "ಯಾಕ್ ಸಾಮಿ, ಉಪ್ಪು ಜಾಸ್ತಿ ಆಯ್ತಾ?"

"ಇನ್ನೂ ಯಾರೂ ತಿಂದಿಲ್ಲ" ಎಂದರು ಯಾರೋ.

"ತಿನ್ನದೆ ಹೆಂಗ್ ಗೊತ್ತಾಯ್ತು?"

ಆಫೀಸರು ಎದ್ದು ಬಂದು ಪಾವಗಡದವರ ಮುಂದೆ ಬಗ್ಗಿದ. "ನಮ್ಮ ಮುಖ ನೋಡಿ ಒಂದು ತುತ್ತು, ಮೇಷ್ಟ್ರೇ."

"ಎರಡು ಪಾಯಿಂಟು ಕೊಡಿಸು. ಉಣ್ತೀನಿ."

ಎಲ್ಲರೂ ಸಾಬರ ಕಡೆ ನೋಡಿದರು. ಸಾಬರು ಮುಖ ಒರೆಸಿಕೊಂಡರು. ವಯಸ್ಸಾಗಿತ್ತು.

"ಅರೆ, ನಾನೇನು ಪಾಯಿಂಟು ಗಂಟು ಕಟ್ಟಿ ಮನೇಗೆ ಒಯ್ದೆನಾ? ನೋಡಿಲ್ಲ ಅಂದೆ, ಅಷ್ಟೆ. ಹನ್ನೊಂದು ವರ್ಷದಿಂದ ಪಾವಗಡದ ಮಕ್ಕಳು ಕಂಡಕಂಡಲ್ಲಿ ನನಗೆ ಕುರುಡು ಸಾಬಿ ಅಂತಾರೆ. ನೋಡಿದೋರು ಒಬ್ಬರು ಹೇಳಲಿ, ಈಗಲೇ ಕೊಡ್ತೀನಿ. ಸೀಟಿ ಜೇಬಲ್ಲೇ ಐತೆ." ತೆಗೆದು ತೋರಿಸಿದರು. ಕಪ್ಪು ದಾರದ ಹಿತ್ತಾಳೆ ಸೀಟಿ.

ನಾನು ನನ್ನ ಎಲೆಯ ಕಡೆ ನೋಡಿದೆ.

ಒಬ್ಬಟ್ಟಿನ ತಟ್ಟೆ ಹಿಡಿದು ಒಬ್ಬಳು ಹುಡುಗಿ ಬಂದಳು. ಪಾವಗಡದವರ ಮಗಳು. ಬಡಿಸಲು ಅವಳನ್ನೂ ಕರೆದಿದ್ದರು. ಅಪ್ಪನ ಎಲೆಯ ಮುಂದೆ ನಿಂತಳು.

"ಅಪ್ಪಾ, ನಾನೇ ಬೇಯಿಸಿದ್ದು. ಒಂದೇ ಒಂದು."

ಅವರು ಎಲೆಯನ್ನು ನೋಡಿದರು. ಮಗಳನ್ನು ನೋಡಲಿಲ್ಲ. ಅವಳು ಒಬ್ಬಟ್ಟನ್ನು ಹಿಡಿದುಕೊಂಡೇ ನಿಂತಿದ್ದಳು.

"ಬಿತ್ತು" ಎಂದೆ.

ಆಫೀಸರು ನೆಲದ ಕಡೆ ನೋಡಿದ. "ಏನು ಬಿತ್ತು ಸಾರ್?"

"ಚೆಂಡು."

"ಎಲ್ಲಿ?"

"ರಿಂಗಿನೊಳಗೆ. ಅಲ್ಲಿಂದ ನನ್ನ ನೆತ್ತಿ ಮೇಲೆ."

ಪಾವಗಡದವರು ಕೈ ಬಿಚ್ಚಿದರು. ನನ್ನ ನೆತ್ತಿಯನ್ನೇ ನೋಡಿದರು. ಈಗ ಅಲ್ಲಿ ಕೂದಲಿರಲಿಲ್ಲ.

"ಹನ್ನೊಂದು ವರ್ಷ ಯಾಕೆ ಹೇಳ್ಲಿಲ್ಲ ಸ್ವಾಮಿ?"

"ಯಾರೂ ಕೇಳ್ಲಿಲ್ಲ."

"ಯಾ ಅಲ್ಲಾ!" ಎಂದರು ಸಾಬರು. "ಮಾತು ಕಡಿಮೆ ಇರೋರ ಪಕ್ಕ ಕೂರಲೇಬಾರದು."

ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ನಮ್ಮ ಅಂದಿನ ತಂಡದವನೊಬ್ಬ ಎದ್ದು, "ಆಟ ಮುಗಿದು ಯಾವ ಕಾಲ ಆಯ್ತು, ಈಗ ಪಾಯಿಂಟು ಕೊಡಕ್ಕಾಯ್ತದಾ?" ಎಂದ. ನ್ಯಾಯವಾದ ಪ್ರಶ್ನೆ.

ಕೊರಟಗೆರೆಯವರು ನಿಧಾನವಾಗಿ ಕೈಚೀಲಕ್ಕೆ ಕೈ ಹಾಕಿದರು. ಆ ಪುಸ್ತಕ ತೆಗೆದರು. ಹನ್ನೊಂದು ವರ್ಷದಲ್ಲಿ ಗೆದ್ದಲು ಇನ್ನಷ್ಟು ತಿಂದಿತ್ತು. ಎಂಟು ಪುಟ ಉಳಿದಿತ್ತು. ಕನ್ನಡಕ ಹಾಕಿಕೊಂಡು ಎಂಟನ್ನೂ ತಿರುವಿದರು. ಅನ್ನ ಆರುತ್ತಿತ್ತು.

"ಆಟ ಮುಗಿದ ಮೇಲೆ ಕೊಡಬಾರದು ಅಂತ ನಮ್ ಪುಸ್ತಕದಲ್ಲಿ ಇಲ್ಲ" ಎಂದರು.

ಸಾಬರು ಎದ್ದು ನಿಂತರು. ಎದೆ ತುಂಬ ಉಸಿರು ಎಳೆದು ಸೀಟಿ ಊದಿದರು. ಎರಡು ಬೆರಳು ಎತ್ತಿ ತೋರಿಸಿದರು.

ಸೀಟಿ ಕೇಳಿದ್ದೇ ತಡ, ಇನ್ನೂರು ಜನ ಎಲೆಯ ಮುಂದೆ ದಡಬಡ ಎದ್ದು ಅಟೆನ್ಷನ್ನಿಗೆ ನಿಂತುಬಿಟ್ಟರು. ನಾಲ್ಕೂ ತಾಲ್ಲೂಕಿನವರು. ಬೊಜ್ಜಿನವರೂ ನಿಂತರು. ಆಫೀಸರು ಎದೆ ಮುಂದೆ ಮಾಡಿ, ಹೊಟ್ಟೆ ಒಳಗೆಳೆದು ನಿಂತಿದ್ದ. ಅಡುಗೆಯವನೂ ಸಟ್ಟುಗ ಹೆಗಲಿಗಿಟ್ಟು ನಿಂತಿದ್ದ. ಅವನೂ ನನ್ನ ಶಿಷ್ಯನೆಂದು ಅಂದು ಗೊತ್ತಾಯಿತು.

"ಕೂತ್ಕಳ್ರಲಾ" ಎಂದೆ. ಕೂತರು.

ಪಾವಗಡದವರು ಮಗಳ ಮುಂದೆ ಎಲೆ ಎಳೆದುಕೊಂಡರು. ಏಳು ಒಬ್ಬಟ್ಟು ತಿಂದರು. ಎಣಿಸಿದ್ದು ಅವಳೇ. ಮಧುಗಿರಿಯ ನೀರನ್ನು ಎರಡು ಚೊಂಬು ಕುಡಿದು, "ನೀರು ಸ್ವಲ್ಪ ಉಪ್ಪು" ಎಂದರು. ಕೈ ತೊಳೆದು ಬಂದು ಸಾಬರ ಪಕ್ಕ ಕೂತರು. ಅಡಿಕೆಲೆ ಮಡಿಸಿ ಅವರಿಗೊಂದು ಕೊಟ್ಟು ತಾವೊಂದು ಹಾಕಿಕೊಂಡರು. ಜಗಿದು ಮುಗಿಸಿ ನನ್ನ ಕಡೆ ತಿರುಗಿದರು.

"ಶೀಲ್ಡು ಎಲ್ಲೈತೆ?"

ಹೆಡ್ಮಾಸ್ಟರ ರೂಮಿನ ಬೀರುವಿನ ಮೇಲಿತ್ತು. ಇಳಿಸಿದೆ. ಧೂಳು ಹಿಡಿದಿತ್ತು. ಒರೆಸಲು ಬಟ್ಟೆ ಸಿಗಲಿಲ್ಲ. ಸನ್ಮಾನದ ಶಾಲಿನಲ್ಲಿ ಒರೆಸಿ ಕೊಟ್ಟೆ.

ಅವರು ಅದನ್ನು ಕಂಕುಳಲ್ಲಿಟ್ಟುಕೊಂಡು ಮಗಳ ಮನೆಗೆ ಹೋಗಿ ಕಾಫಿ ಕುಡಿದರು. ಐದು ಗಂಟೆಯ ಬಸ್ಸಿಗೆ ಬಂದರು. ಹೂಜಿ ಇರಲಿಲ್ಲ. ಕಿಟಕಿಯ ಪಕ್ಕ ಶೀಲ್ಡನ್ನು ಕೂರಿಸಿ ತಾವು ಈಚೆ ಕೂತರು.

ಮಧುಗಿರಿ ಹತ್ತೊಂಬತ್ತು, ಪಾವಗಡ ಇಪ್ಪತ್ತು. ನಾವು ಸೋತೆವು.